ಡಬ್ಬಿ ಬದಲಿಸುವ ಮುಂಚೆ ಚಮಚ ನೋಡೋಣ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಎಳೆಮಕ್ಕಳ ಹೊಟ್ಟೆಯ ಬಗ್ಗೆಯೇ ಇವೆ. ಮಲ ಗಟ್ಟಿ, ಮಲ ನೀರು, ವಾಂತಿ, ರಕ್ತ, ಅಳು. ಎಲ್ಲದರ ಕೊನೆಗೂ ಒಂದೇ ಪ್ರಶ್ನೆ: "ಯಾವ ಪುಡಿ ಹಾಲು ಕೊಡಲಿ ಮೇಡಂ?"

ತುಮಕೂರಿನ ನನ್ನ ಕ್ಲಿನಿಕ್ಕಿನಲ್ಲಿ 31 ವರ್ಷ ಒಂದು ಪದ್ಧತಿ ಇಟ್ಟುಕೊಂಡಿದ್ದೆ. ಡಬ್ಬಿ ಹಾಲು ಕುಡಿಯುವ ಮಗುವಿಗೆ ಹೊಟ್ಟೆ ಸರಿ ಇಲ್ಲ ಅಂತ ಯಾರೇ ಬಂದರೂ "ಡಬ್ಬಿ, ಚಮಚ, ಬಾಟ್ಲಿ ಮೂರನ್ನೂ ತನ್ನಿ" ಅನ್ನುತ್ತಿದ್ದೆ. ಮನೆಯಲ್ಲಿ ಮಾಡುವ ಹಾಗೆಯೇ ನನ್ನ ಮೇಜಿನ ಮೇಲೆ ಹಾಲು ಕಲಸಿ ತೋರಿಸಬೇಕು. ಹೊಟ್ಟೆ ಮುಟ್ಟಿ ನೋಡಿದಾಗ ತಿಳಿಯದ್ದು ಎಷ್ಟೋ ಸಲ ಆ ಎರಡು ನಿಮಿಷದಲ್ಲಿ ತಿಳಿದಿದೆ. ಇಲ್ಲೂ ಅಲ್ಲಿಂದಲೇ ಶುರು ಮಾಡುತ್ತೇನೆ.

ನನ್ನ ಮಗಳಿಗೆ ಎರಡೂವರೆ ತಿಂಗಳು. ಸಿಸೇರಿಯನ್ ಆದ ಮೇಲೆ ಜ್ವರ ಬಂದು ಹಾಲು ಕಡಿಮೆ ಆಯಿತು. ಮೂರನೇ ವಾರದಿಂದ ಡಬ್ಬಿ ಹಾಲು ಕೊಡುತ್ತಿದ್ದೇನೆ. 90 ಮಿ.ಲೀ. ನೀರಿಗೆ 4 ಚಮಚ, ದಿನಕ್ಕೆ 8 ಸಲ. ತೂಕ 4.6 ಕೆ.ಜಿ. ಮೂರು ದಿನಕ್ಕೊಮ್ಮೆ ಗೋಲಿಯ ಹಾಗೆ ಗಟ್ಟಿಯಾಗಿ ಕಕ್ಕ ಮಾಡುತ್ತಾಳೆ, ಮುಖ ಕೆಂಪಾಗುವಷ್ಟು ಅಳುತ್ತಾಳೆ. ಐದು ವಾರದಲ್ಲಿ ಮೂರು ಕಂಪನಿಯ ಡಬ್ಬಿ ಬದಲಿಸಿದೆ. ಯಾವುದು ಒಳ್ಳೆಯದು ಹೇಳಿ. ನನ್ನ ಹಾಲು ಸಾಲದ್ದಕ್ಕೇ ಹೀಗಾಯಿತೇ?
– ತಿಪಟೂರಿನ ಓದುಗರು

ತಾಯಿ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಇಲ್ಲ. ಜ್ವರ, ಹೊಲಿಗೆ, ನಿದ್ದೆ ಇಲ್ಲದ ರಾತ್ರಿ, ಇಷ್ಟರ ನಡುವೆ ಹಾಲು ಕಡಿಮೆ ಆಗುವುದು ನಿಮ್ಮ ತಪ್ಪಲ್ಲ. ಮಗು ಹಸಿದಾಗ ನೀವು ಹೊಟ್ಟೆ ತುಂಬಿಸಿದಿರಿ. ಅದು ತಾಯಿ ಮಾಡಬೇಕಾದ ಕೆಲಸವೇ.

ಈಗ ನಿಮ್ಮ ಪತ್ರದ ನಡುವಿನ ಸಾಲಿಗೆ ಬರೋಣ. 90 ಮಿ.ಲೀ. ನೀರಿಗೆ 4 ಚಮಚ. ನಮ್ಮಲ್ಲಿ ಸಿಗುವ ಹೆಚ್ಚಿನ ಡಬ್ಬಿಗಳಲ್ಲಿ ಲೆಕ್ಕ 30 ಮಿ.ಲೀ. ನೀರಿಗೆ 1 ಚಮಚ. ನಿಮ್ಮ ಡಬ್ಬಿಯ ಹಿಂದೆ ಬರೆದಿರುತ್ತದೆ, ಒಮ್ಮೆ ಓದಿ. ಅಲ್ಲೂ ಹೀಗೇ ಇದ್ದರೆ 90ಕ್ಕೆ 3 ಚಮಚ ಸಾಕು. ನೀವು ಹಾಕುತ್ತಿರುವುದು ಮೂರರಲ್ಲಿ ಒಂದು ಪಾಲು ಜಾಸ್ತಿ. "ಒಂದು ಚಮಚ ಹೆಚ್ಚಿಗೆ ಹಾಕು, ಮಗು ದುಂಡಗಾಗುತ್ತೆ" ಅಂತ ಯಾರೋ ಪ್ರೀತಿಯಿಂದಲೇ ಹೇಳಿರುತ್ತಾರೆ. ಆದರೆ ಹಾಲು ಮಂದವಾದಷ್ಟೂ ಮಗುವಿಗೆ ಸಿಗುವ ನೀರು ಕಡಿಮೆ. ದೊಡ್ಡ ಕರುಳು ಇದ್ದ ನೀರನ್ನೆಲ್ಲ ಹೀರಿಕೊಂಡು ಮಲ ಗೋಲಿಯಾಗುತ್ತದೆ. ಮೂತ್ರಪಿಂಡಕ್ಕೂ ಹೊರೆ. ಬಾಯಾರಿಕೆಗೆ ಮಗು ಅತ್ತರೆ ನಾವು ಹಸಿವು ಅಂದುಕೊಂಡು ಮತ್ತೆ ಅದೇ ಮಂದ ಹಾಲನ್ನು ಕೊಡುತ್ತೇವೆ.

ಹಾಗಾದರೆ ಮೂರು ಡಬ್ಬಿ ಬದಲಿಸಿದರೂ ಏಕೆ ಸರಿಹೋಗಲಿಲ್ಲ? ಚಮಚದ ಲೆಕ್ಕ ಹಾಗೇ ಉಳಿಯಿತಲ್ಲ! ಕಂಪನಿಯ ಹೆಸರು ನಾನು ಹೇಳುವುದಿಲ್ಲ. ಮೊದಲ ಆರು ತಿಂಗಳ ಪುಡಿಯಲ್ಲಿ ಪ್ರೋಟೀನ್, ಕೊಬ್ಬು, ಕಬ್ಬಿಣ ಎಷ್ಟಿರಬೇಕು ಎಂಬುದಕ್ಕೆ ಸರ್ಕಾರದ ಒಂದೇ ಮಾನದಂಡ ಇದೆ, ಎಲ್ಲರೂ ಅದರೊಳಗೇ ಇರಬೇಕು. ಶಿಶು ಹಾಲಿನ ಜಾಹೀರಾತು ಮಾಡುವುದನ್ನು, ತಾಯಂದಿರಿಗೆ ಪುಕ್ಕಟೆ ಡಬ್ಬಿ ಹಂಚುವುದನ್ನು ನಮ್ಮ ದೇಶದಲ್ಲಿ 1992ರ ಕಾನೂನು ನಿಷೇಧಿಸಿದೆ. ಡಬ್ಬಿಯ ಮೇಲೆ ಮಗುವಿನ ಚಿತ್ರ ಕೂಡ ಹಾಕುವಂತಿಲ್ಲ. ಆ ಕಾನೂನು ಬಂದ ಹೊತ್ತಿನಲ್ಲಿ ನಾನು ಹೊಸದಾಗಿ ಕ್ಲಿನಿಕ್ ತೆರೆದಿದ್ದೆ. ಅದಕ್ಕೂ ಮುಂಚೆ ಹೆರಿಗೆ ವಾರ್ಡಿನಲ್ಲಿ ಸ್ಯಾಂಪಲ್ ಡಬ್ಬಿ ಹಿಡಿದು ಮನೆಗೆ ಹೋಗುತ್ತಿದ್ದ ಬಾಣಂತಿಯರನ್ನು ಕಣ್ಣಾರೆ ನೋಡಿದ್ದೇನೆ. ಡಬ್ಬಿ ಮುಗಿಯುವ ಹೊತ್ತಿಗೆ ಎದೆ ಹಾಲೂ ಬತ್ತಿರುತ್ತಿತ್ತು.

ಕಲಸುವ ಕ್ರಮ ಹೀಗೆ. ನೀರು ಚೆನ್ನಾಗಿ ಕುದಿಯಲಿ. ಇಳಿಸಿದ ಮೇಲೆ ಅರ್ಧ ಗಂಟೆಗಿಂತ ಹೆಚ್ಚು ಆರಲು ಬಿಡಬೇಡಿ. ನೀರು 70 ಡಿಗ್ರಿಗಿಂತ ಕಡಿಮೆ ಆಗಬಾರದು. ಪುಡಿ ನೋಡಲು ಶುಭ್ರವಾಗಿದ್ದರೂ ಅದು ಪೂರ್ತಿ ಕ್ರಿಮಿಮುಕ್ತ ಅಲ್ಲ. ಕ್ರೋನೋಬ್ಯಾಕ್ಟರ್ ಎಂಬ ರೋಗಾಣು ಒಣ ಪುಡಿಯಲ್ಲೂ ಬದುಕಿರಬಲ್ಲದು, ಬಿಸಿ ನೀರು ಅದನ್ನು ಕೊಲ್ಲುತ್ತದೆ. ಬಾಟ್ಲಿಗೆ ಮೊದಲು ನೀರು ಅಳೆದು ಹಾಕಿ, ಆಮೇಲೆ ಪುಡಿ. ಆ ಡಬ್ಬಿಯ ಜೊತೆ ಬಂದ ಚಮಚವೇ ಆಗಬೇಕು, ಹಳೆಯ ಡಬ್ಬಿಯದಲ್ಲ. ಚಮಚದ ತಲೆಯನ್ನು ಒಣ ಚಾಕುವಿನ ಬೆನ್ನಿನಿಂದ ಸವರಿ ಸಮ ಮಾಡಿ. ಒತ್ತಿ ತುಂಬಬೇಡಿ. ಕಲಸಿದ ಬಾಟ್ಲಿಯನ್ನು ತಣ್ಣೀರಿನಲ್ಲಿ ಹಿಡಿದು ಆರಿಸಿ, ಮಣಿಕಟ್ಟಿನ ಒಳಗೆ ಎರಡು ಹನಿ ಬಿಟ್ಟು ನೋಡಿ ಕೊಡಿ. ಎರಡು ಗಂಟೆಯೊಳಗೆ ಕುಡಿಯದ್ದನ್ನು ಚೆಲ್ಲಿ. ಬೆಲೆ ನೆನೆದು ಕೈ ಬರುವುದಿಲ್ಲ, ಗೊತ್ತು. ಆದರೂ ಚೆಲ್ಲಿ. ರಾತ್ರಿಗೆ ಅಂತ ಕಲಸಿ ಫ್ಲಾಸ್ಕಿನಲ್ಲಿ ಇಡುವುದಂತೂ ಬೇಡವೇ ಬೇಡ.

ದಿನಕ್ಕೆ ಎಷ್ಟು ಹಾಲು? ಈ ವಯಸ್ಸಿನಲ್ಲಿ ಒಂದು ಕೆ.ಜಿ. ತೂಕಕ್ಕೆ ಸುಮಾರು 150 ಮಿ.ಲೀ. ನಿಮ್ಮ ಮಗಳಿಗೆ 690 ಮಿ.ಲೀ. ಆಸುಪಾಸು, ನಿಮ್ಮ ಎದೆ ಹಾಲೂ ಸೇರಿ. ಲೆಕ್ಕ ಸರಿ ಮಾಡಿದ ಮೇಲೂ ಡಬ್ಬಿ ಹಾಲಿನ ಮಲ ಎದೆ ಹಾಲಿನದಕ್ಕಿಂತ ಸ್ವಲ್ಪ ಗಟ್ಟಿಯೇ ಇರುತ್ತದೆ. ಹಲವು ಪುಡಿಗಳಲ್ಲಿ ಇರುವ ಪಾಮ್ ಎಣ್ಣೆಯ ಕೊಬ್ಬು ಕರುಳಿನಲ್ಲಿ ಸುಣ್ಣದ ಅಂಶದೊಂದಿಗೆ ಸೇರಿ ಸೋಪಿನಂತೆ ಗಟ್ಟಿಯಾಗುವುದು ಇದಕ್ಕೆ ಒಂದು ಕಾರಣ. ಮೆತ್ತಗೆ ಬರುತ್ತಿದ್ದರೆ ಹಸಿರು ಮಿಶ್ರಿತ ಹಳದಿ ಬಣ್ಣಕ್ಕೂ ಹೆದರಬೇಡಿ.

ಹರಳೆಣ್ಣೆ ಕುಡಿಸುವುದು, ವೀಳ್ಯದೆಲೆ ತೊಟ್ಟು, ಸೋಪಿನ ಚೂರು ಇಡುವುದು ಯಾವುದೂ ಬೇಡ. ಮಲದ್ವಾರದ ಚರ್ಮ ಬಹಳ ಸೂಕ್ಷ್ಮ. ಒಮ್ಮೆ ಸೀಳಿದರೆ ನೋವಿಗೆ ಹೆದರಿ ಮಗು ಮಲ ತಡೆಯುತ್ತದೆ, ಮತ್ತಷ್ಟು ಗಟ್ಟಿಯಾಗುತ್ತದೆ.

ಇದರ ಉಲ್ಟಾ ಕತೆಯನ್ನೂ ಹೇಳಬೇಕು, ಏಕೆಂದರೆ ಅದು ಇನ್ನೂ ಅಪಾಯ. ಕ್ಲಿನಿಕ್ ತೆರೆದು ಎರಡು ಮೂರು ವರ್ಷ ಆಗಿತ್ತು. ಇಟ್ಟಿಗೆ ಗೂಡಿನಲ್ಲಿ ದುಡಿಯುವ ಒಬ್ಬ ಅಪ್ಪ ನಾಲ್ಕು ತಿಂಗಳ ಮಗುವನ್ನು ಟವೆಲ್ಲಿನಲ್ಲಿ ಸುತ್ತಿ ತಂದ. ಮಗುವಿಗೆ ಫಿಟ್ಸ್. ತೂಕ 3.2 ಕೆ.ಜಿ. ಮಾತ್ರ. ತಾಯಿ ಹೆರಿಗೆಯಲ್ಲೇ ತೀರಿಕೊಂಡಿದ್ದಳು. ಆತ ತಿಂಗಳಿಗೆ ಒಂದು ಡಬ್ಬಿ ತರುತ್ತಿದ್ದ, ಅದನ್ನೇ ತಿಂಗಳಿಡೀ ಬರುವಂತೆ ದೊಡ್ಡ ಲೋಟ ನೀರಿಗೆ ಒಂದು ಚಮಚ ಹಾಕುತ್ತಿದ್ದ. ನೀರಿನಂಥ ಹಾಲಿನಿಂದ ರಕ್ತದ ಸೋಡಿಯಂ ಇಳಿದು ಫಿಟ್ಸ್ ಬಂದಿತ್ತು. ಅರ್ಧ ಕೆ.ಜಿ. ಡಬ್ಬಿ ಸರಿಯಾಗಿ ಕಲಸಿದರೆ ಆ ವಯಸ್ಸಿಗೆ ಐದಾರು ದಿನಕ್ಕೆ ಮುಗಿಯುತ್ತದೆ. ಈ ಮಾತನ್ನು ಆತನಿಗೆ ಯಾರೂ ಹೇಳಿರಲಿಲ್ಲ. ಮಗು ಉಳಿಯಿತು. ಆದರೆ ಆತ ಹೇಳಿದ "ಡಬ್ಬಿ ಮೇಲೆ ಬರ್ದಿದ್ದನ್ನ ನಂಗೆ ಓದಕ್ಕೆ ಬರಲ್ಲ ಅಕ್ಕಾ" ಎಂಬ ಮಾತು ನನ್ನನ್ನು ಬಿಟ್ಟಿಲ್ಲ. ಮೇಜಿನ ಮೇಲೆ ಕಲಸಿ ತೋರಿಸುವ ಪದ್ಧತಿ ಅವತ್ತು ಶುರುವಾಯಿತು.

ತಿಪಟೂರಿನ ತಾಯಿ, ಇನ್ನೂ ಒಂದು ಮಾತು. ಎದೆಗೆ ಹಾಕಿಕೊಳ್ಳುವುದನ್ನು ಬಿಡಬೇಡಿ. ಪ್ರತಿ ಸಲ ಮೊದಲು ಎರಡೂ ಕಡೆ ಚೀಪಿಸಿ, ಆಮೇಲೆ ಡಬ್ಬಿ ಹಾಲು. ರಾತ್ರಿ ಹೊತ್ತು ಚೀಪಿಸಿದರೆ ಹಾಲು ಬರಿಸುವ ಹಾರ್ಮೋನು ಜಾಸ್ತಿ ಏರುತ್ತದೆ. ಎರಡೂವರೆ ತಿಂಗಳಲ್ಲೂ ಹಾಲು ಮತ್ತೆ ಹೆಚ್ಚಾದ ತಾಯಂದಿರನ್ನು ನೋಡಿದ್ದೇನೆ. ಹೆಚ್ಚಾಗದಿದ್ದರೂ ಬಂದಷ್ಟು ಮಗುವಿಗೆ ಲಾಭವೇ.

ನಾನು ನಾಲ್ಕು ಮಕ್ಕಳನ್ನು ಮನೆ ಹಸುವಿನ ಹಾಲಿಗೆ ಅರ್ಧಕ್ಕರ್ಧ ನೀರು ಬೆರೆಸಿಯೇ ಬೆಳೆಸಿದೆ. ಈಗ ಮೊಮ್ಮಗಳಿಗೆ ಐದು ತಿಂಗಳು. ವರ್ಷ ತುಂಬುವ ತನಕ ಹಸುವಿನ ಹಾಲು ಬೇಡ ಅಂತ ಡಾಕ್ಟರು ಹೇಳಿದ್ದಾರಂತೆ, ಸೊಸೆ ಡಬ್ಬಿ ಕೊಡುತ್ತಾಳೆ. ಕೊಟ್ಟಿಗೆಯಲ್ಲಿ ಮಲೆನಾಡು ಗಿಡ್ಡ ಇದೆ. ಅದರದ್ದು ಎ2 ಹಾಲು. ಇದು ಯಾವ ನ್ಯಾಯ?
– ಸಾಗರದ ಅಜ್ಜಿ

ಅಮ್ಮಾ, ನಿಮ್ಮ ಕಾಲದಲ್ಲಿ ನಿಮಗೆ ಬೇರೆ ದಾರಿ ಇರಲಿಲ್ಲ. ನಾಲ್ಕು ಮಕ್ಕಳನ್ನು ದಡ ಸೇರಿಸಿದ್ದೀರಿ, ಅದಕ್ಕೆ ನಮಸ್ಕಾರ. ಆದರೂ ಈ ವಿಷಯದಲ್ಲಿ ನಾನು ನಿಮ್ಮ ಸೊಸೆಯ ಕಡೆ. ಏಕೆ ಅಂತ ಹೇಳುತ್ತೇನೆ.

ಹಸುವಿನ ಹಾಲು ಕರುವಿಗೆ ಹೇಳಿ ಮಾಡಿಸಿದ್ದು. ಕರು ಕೆಲವೇ ತಿಂಗಳಲ್ಲಿ ಎಷ್ಟು ಎತ್ತರ ಆಗುತ್ತದೆ, ನಿಮಗೇ ಗೊತ್ತಲ್ವಾ. ಅದಕ್ಕೆ ಬೇಕಾದಷ್ಟು ಪ್ರೋಟೀನ್ ಅದರಲ್ಲಿದೆ: 100 ಮಿ.ಲೀ.ಗೆ 3.2 ಗ್ರಾಂ ಆಸುಪಾಸು. ತಾಯಿ ಹಾಲಿನಲ್ಲಿ 1 ಗ್ರಾಂ ಚಿಲ್ಲರೆ ಅಷ್ಟೇ. ಉಪ್ಪಿನ ಅಂಶವೂ ಹಸುವಿನ ಹಾಲಿನಲ್ಲಿ ಮೂರು ಪಟ್ಟು. ಎಳೆ ಮಗುವಿನ ಮೂತ್ರಪಿಂಡಕ್ಕೆ ಇದು ಹೆಚ್ಚಾಗುತ್ತದೆ. ಅದಕ್ಕೇ ನೀವು ನೀರು ಬೆರೆಸಿದಿರಿ. ಆದರೆ ಅರ್ಧ ನೀರು ಬೆರೆಸಿದರೆ ಶಕ್ತಿಯೂ ಅರ್ಧ ಆಗುತ್ತದೆ. 100 ಮಿ.ಲೀ.ಯಲ್ಲಿ 67 ಕ್ಯಾಲೊರಿ ಇದ್ದದ್ದು 33ಕ್ಕೆ ಇಳಿಯುತ್ತದೆ. ಮಗುವಿನ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ.

ಇನ್ನೊಂದು ಕಾರಣ ಕಣ್ಣಿಗೆ ಕಾಣದ್ದು. ಹಸುವಿನ ಹಾಲಿನಲ್ಲಿ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ. ಸಾಲದ್ದಕ್ಕೆ ವರ್ಷದೊಳಗಿನ ಕೆಲವು ಮಕ್ಕಳ ಕರುಳಿನಿಂದ ದಿನವೂ ಚೂರು ಚೂರು ರಕ್ತ ಸೋರುವಂತೆ ಮಾಡುತ್ತದೆ. ಮಲದಲ್ಲಿ ಕಾಣುವುದೇ ಇಲ್ಲ. ಎಂಟೊಂಬತ್ತು ತಿಂಗಳಿಗೆ ಮಗು ಬಿಳಿಚಿಕೊಂಡು, ಮಂಕಾಗಿ, ಮಣ್ಣು ತಿನ್ನುತ್ತಾ ಬರುತ್ತದೆ. ಅಂಥ ಮಕ್ಕಳನ್ನು ಲೆಕ್ಕ ಇಡದಷ್ಟು ನೋಡಿದ್ದೇನೆ. ಎ1, ಎ2 ಅನ್ನುವುದು ಹಾಲಿನ ಒಂದು ಪ್ರೋಟೀನಿನ ಎರಡು ಬಗೆ ಅಷ್ಟೇ, ಇದರಲ್ಲಿ ಆ ಭೇದ ಬರುವುದಿಲ್ಲ. ಗಿಡ್ಡದ ಹಾಲಾದರೂ ಅಷ್ಟೇ, ಎಮ್ಮೆ, ಮೇಕೆ ಹಾಲಾದರೂ ಅಷ್ಟೇ.

ಡಬ್ಬಿಯಲ್ಲಿ ಇರುವುದೂ ದನದ ಹಾಲೇ, ನಿಜ. ಆದರೆ ಅದರ ಪ್ರೋಟೀನ್ ಇಳಿಸಿ, ಕೊಬ್ಬು ಬದಲಿಸಿ, ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಮತ್ತು ಕಬ್ಬಿಣ ಸೇರಿಸಿರುತ್ತಾರೆ. ಈ ವಿದ್ಯೆಯಲ್ಲಿ ನಮ್ಮ ಮೈಸೂರಿಗೂ ಒಂದು ಪಾಲಿದೆ. 1950ರ ದಶಕದಲ್ಲಿ ನಮ್ಮ ದೇಶದಲ್ಲಿ ಹಸುವಿನ ಹಾಲಿಗಿಂತ ಎಮ್ಮೆ ಹಾಲೇ ಜಾಸ್ತಿ ಸಿಗುತ್ತಿತ್ತು. ಎಮ್ಮೆ ಹಾಲಿನಿಂದ ಎಳೆಮಕ್ಕಳ ಪುಡಿ ಮಾಡುವ ವಿಧಾನವನ್ನು ಸಿಎಫ್‌ಟಿಆರ್‌ಐ (ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ವಿಜ್ಞಾನಿಗಳು ಮೈಸೂರಿನ ಚೆಲುವಾಂಬ ಮ್ಯಾನ್ಷನ್ನಿನಲ್ಲಿ ಕೂತು ಕಂಡುಹಿಡಿದರು. ಗುಜರಾತಿನ ಆನಂದ್‌ನಲ್ಲಿ ಅಮುಲ್‌ನವರು ಅದನ್ನು ತಯಾರಿಸಿದರು. ಅಲ್ಲಿಯವರೆಗೆ ಶಿಶು ಹಾಲಿನ ಡಬ್ಬಿ ಹೆಚ್ಚಾಗಿ ಹಡಗಿನಲ್ಲಿ ಬರುತ್ತಿತ್ತು.

ಮೊಮ್ಮಗಳಿಗೆ ಆರು ತಿಂಗಳು ತುಂಬಿದ ಮೇಲೆ ನಿಮ್ಮ ಕೈರುಚಿ ಶುರುವಾಗಲಿ. ರಾಗಿ ಸರಿ, ನುಣ್ಣಗೆ ಮಾಡಿದ ಅನ್ನ ಬೇಳೆ, ಮೇಲೆ ಗಿಡ್ಡದ ತುಪ್ಪ. ಚೂರು ಮೊಸರೂ ಕೊಡಬಹುದು. ಕುಡಿಯುವ ಹಾಲಾಗಿ ಮಾತ್ರ ವರ್ಷ ತುಂಬಿದ ಮೇಲೆ, ದಿನಕ್ಕೆ ಎರಡು ಲೋಟ ಮೀರದಂತೆ. ಆಗ ನೀರು ಬೆರೆಸಬೇಡಿ.

ಆರು ವಾರದ ಮಗ. ಎದೆ ಹಾಲು, ಜೊತೆಗೆ ದಿನಕ್ಕೆ ಎರಡು ಸಲ ಡಬ್ಬಿ ಹಾಲು. ಹತ್ತು ದಿನದಿಂದ ಮಲದಲ್ಲಿ ಲೋಳೆ, ಕೆಂಪು ದಾರದ ಹಾಗೆ ರಕ್ತ. ಮಗು ಆಡಿಕೊಂಡೇ ಇದೆ, ತೂಕವೂ ಏರುತ್ತಿದೆ. ಒಬ್ಬರು ಆ್ಯಂಟಿಬಯೋಟಿಕ್ ಕೊಟ್ಟರು, ಇನ್ನೊಬ್ಬರು ಲ್ಯಾಕ್ಟೋಸ್ ಇಲ್ಲದ ಡಬ್ಬಿ ಬರೆದರು, ಪಕ್ಕದ ಮನೆಯವರು ಮೇಕೆ ಹಾಲು ಅಂದರು. ಯಾವುದರಿಂದಲೂ ನಿಂತಿಲ್ಲ.
– ಹುಬ್ಬಳ್ಳಿಯ ಓದುಗರು

ನಿಮ್ಮ ಪತ್ರ ಓದುವಾಗ ನನ್ನ ಮೊಮ್ಮಗನೇ ಕಣ್ಣ ಮುಂದೆ ಬಂದ. ಅವನಿಗೆ ಐದನೇ ವಾರದಲ್ಲಿ ಹೀಗೇ ಆಗಿತ್ತು. ಅಷ್ಟು ವರ್ಷ ಬೇರೆಯವರ ಮಕ್ಕಳ ಲಂಗೋಟಿ ನೋಡಿದ ನನಗೂ ಆ ಕೆಂಪು ಗೆರೆ ಕಂಡಾಗ ಕೈ ನಡುಗಿತು. ಹಾಗಾಗಿ ನಿಮ್ಮ ಹೆದರಿಕೆ ಅರ್ಥವಾಗುತ್ತದೆ.

ಮಗು ಚುರುಕಾಗಿದೆ, ತೂಕ ಏರುತ್ತಿದೆ, ವಯಸ್ಸು ಎರಡರಿಂದ ಎಂಟು ವಾರದ ನಡುವೆ, ಲೋಳೆಯ ಜೊತೆ ದಾರದಂಥ ರಕ್ತ. ಇಷ್ಟೂ ಒಟ್ಟಿಗೆ ಇದ್ದರೆ ನನ್ನ ಮೊದಲ ಅನುಮಾನ ಹಸುವಿನ ಹಾಲಿನ ಪ್ರೋಟೀನ್‌ನ ಅಲರ್ಜಿ. ಮಲದ್ವಾರ ಸೀಳಿದ್ದರೂ ರಕ್ತ ಬರಬಹುದು. ಅದನ್ನು ಡಾಕ್ಟರು ನೋಡಿದರೆ ಅಲ್ಲೇ ತಿಳಿಯುತ್ತದೆ.

ಇಲ್ಲಿ ಎಲ್ಲರೂ ಗೊಂದಲ ಮಾಡಿಕೊಳ್ಳುವ ಜಾಗ ಒಂದಿದೆ. ಲ್ಯಾಕ್ಟೋಸ್ ಎಂದರೆ ಹಾಲಿನ ಸಕ್ಕರೆ. ಅಲರ್ಜಿ ಬರುವುದು ಸಕ್ಕರೆಗಲ್ಲ, ಪ್ರೋಟೀನಿಗೆ. ಲ್ಯಾಕ್ಟೋಸ್ ಇಲ್ಲದ ಡಬ್ಬಿಯಲ್ಲೂ ಸಾಮಾನ್ಯವಾಗಿ ಅದೇ ಹಸುವಿನ ಪ್ರೋಟೀನ್ ಇರುತ್ತದೆ. ಹಾಗಾಗಿ ಅದರಿಂದ ನಿಲ್ಲಲಿಲ್ಲ. ಮೇಕೆ, ಎಮ್ಮೆ ಹಾಲಿನ ಪ್ರೋಟೀನ್ ಹಸುವಿನದಕ್ಕೆ ಎಷ್ಟು ಹತ್ತಿರ ಅಂದರೆ, ಒಂದು ಒಗ್ಗದ ಹೆಚ್ಚಿನ ಮಕ್ಕಳಿಗೆ ಇನ್ನೊಂದೂ ಒಗ್ಗುವುದಿಲ್ಲ. ಸೋಯಾ ಪುಡಿಯನ್ನು ಆರು ತಿಂಗಳೊಳಗೆ ಕೊಡದಿರುವುದೇ ಒಳ್ಳೆಯದು. ಕರುಳಿನ ಅಲರ್ಜಿ ಇರುವ ಕೆಲವು ಮಕ್ಕಳಿಗೆ ಅದೂ ಆಗಿಬರುವುದಿಲ್ಲ.

ಏನು ಮಾಡಬೇಕು? ಎದೆ ಹಾಲು ನಿಲ್ಲಿಸಬೇಡಿ. ನೀವು ತಿಂದ ಹಾಲಿನ ಪ್ರೋಟೀನ್ ಚೂರು ನಿಮ್ಮ ಹಾಲಿನ ಮೂಲಕವೂ ಹೋಗುತ್ತದೆ, ಆದ್ದರಿಂದ ಪಥ್ಯ ನಿಮಗೆ. ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ಪನೀರ್, ಧಾರವಾಡ ಪೇಢಾ, ಕಾಫಿ ಟೀಯ ಹಾಲು, ಹಾಲಿನ ಪುಡಿ ಹಾಕಿದ ಬಿಸ್ಕತ್ತು, ಎಲ್ಲವನ್ನೂ ಎರಡರಿಂದ ನಾಲ್ಕು ವಾರ ಬಿಡಬೇಕು. ತುಪ್ಪದಲ್ಲೂ ಚೂರು ಪ್ರೋಟೀನ್ ಉಳಿದಿರಬಹುದು, ಆ ದಿನಗಳಲ್ಲಿ ಅದೂ ಬೇಡ. ಬಾಣಂತಿಗೆ ತುಪ್ಪ ಬಿಡಿಸುವುದು ಮನೆಯಲ್ಲಿ ಸುಲಭವಲ್ಲ. ನಮ್ಮ ಮನೆಯಲ್ಲೇ ಅದಕ್ಕೆ ಮಾತಾಯಿತು. ಸುಣ್ಣದ ಅಂಶಕ್ಕೆ ರಾಗಿ ಮುದ್ದೆ, ಎಳ್ಳಿನ ಚಟ್ನಿಪುಡಿ, ಸೊಪ್ಪು ತಿನ್ನಿ. ಡಾಕ್ಟರು ಕ್ಯಾಲ್ಸಿಯಂ ಮಾತ್ರೆಯನ್ನೂ ಕೊಡುತ್ತಾರೆ.

ಡಬ್ಬಿ ಹಾಲು ಕೊಡಲೇಬೇಕಿದ್ದರೆ ಪ್ರೋಟೀನನ್ನು ತೀರ ಸಣ್ಣ ತುಂಡುಗಳಾಗಿ ಒಡೆದ ಪುಡಿ ಬರುತ್ತದೆ. "ಎಕ್ಸ್‌ಟೆನ್ಸಿವ್ಲಿ ಹೈಡ್ರೊಲೈಸ್ಡ್" ಅಂತ ಡಬ್ಬಿಯ ಮೇಲೆ ಬರೆದಿರಬೇಕು. "ಪಾರ್ಶಿಯಲಿ" ಅಂತ ಇದ್ದರೆ ಅದು ಈ ಮಗುವಿಗೆ ಸಾಲದು. ದುಬಾರಿ, ರುಚಿ ಕಹಿ, ವಾಸನೆಯೂ ಒಂದು ಥರ. ಮಗು ಎರಡು ದಿನ ಮುಖ ಕಿವುಚಿ ಆಮೇಲೆ ಒಗ್ಗಿಕೊಳ್ಳುತ್ತದೆ. ಅದಕ್ಕೂ ಬಗ್ಗದ ಸ್ವಲ್ಪ ಮಕ್ಕಳಿಗೆ ಅಮೈನೋ ಆಮ್ಲದ ಪುಡಿ ಇದೆ.

ರಕ್ತ ನಿಂತ ಮೇಲೆ ಒಂದು ಹೆಜ್ಜೆ ಬಾಕಿ ಇರುತ್ತದೆ, ಅದನ್ನು ಬಹಳ ಜನ ಬಿಡುತ್ತಾರೆ. ಡಾಕ್ಟರನ್ನು ಕೇಳಿ, ನೀವು ಮತ್ತೆ ಹಾಲು ಮೊಸರು ತಿಂದು ನೋಡಬೇಕು. ಮತ್ತೆ ರಕ್ತ ಬಂದರೆ ಮಾತ್ರ ಅಲರ್ಜಿ ಖಚಿತ. ಬರದಿದ್ದರೆ ಸುಮ್ನೆ ತಿಂಗಳುಗಟ್ಟಲೆ ಪಥ್ಯ ಏಕೆ? ನನ್ನ ಮಗಳು ಮೂರನೇ ವಾರ ಒಂದು ಬಟ್ಟಲು ಮೊಸರನ್ನ ತಿಂದಳು. ಎರಡೇ ದಿನಕ್ಕೆ ಕೆಂಪು ಗೆರೆ ವಾಪಸ್. ಹಾಗಾಗಿ ಪಥ್ಯ ಮುಂದುವರಿಸಿದಳು. ಹನ್ನೊಂದನೇ ತಿಂಗಳಲ್ಲಿ ಮೊಮ್ಮಗನಿಗೆ ಮತ್ತೆ ಮೊಸರು ಕೊಟ್ಟು ನೋಡಿದೆವು, ಏನೂ ಆಗಲಿಲ್ಲ. ಇಂಥ ಅಲರ್ಜಿ ಹೆಚ್ಚಿನ ಮಕ್ಕಳಿಗೆ ವರ್ಷ ಎರಡು ವರ್ಷದಲ್ಲಿ ಕಳೆಯುತ್ತದೆ.

ಆದರೆ ಮಗು ಅಲೆ ಅಲೆಯಾಗಿ ಕಿರುಚಿ ಅತ್ತು, ಮಂಡಿ ಮಡಚಿ, ನಡುವೆ ಸುಸ್ತಾಗಿ ಮಲಗಿ, ವಾಂತಿ ಮಾಡಿ, ಜೆಲ್ಲಿಯಂಥ ಕೆಂಪು ಮಲ ಹೋದರೆ ಅದು ಬೇರೆ ರೋಗ. ಕರುಳಿನೊಳಗೆ ಕರುಳು ಸಿಕ್ಕಿಕೊಂಡಿರುತ್ತದೆ. ಐದಾರು ತಿಂಗಳ ಮಕ್ಕಳಲ್ಲಿ ಜಾಸ್ತಿ. ಅದಕ್ಕೆ ಅದೇ ಗಂಟೆಯಲ್ಲಿ ಆಸ್ಪತ್ರೆಗೆ ಓಡಬೇಕು.

ಎರಡು ತಿಂಗಳ ಮಗು, ಬರೀ ಎದೆ ಹಾಲು. ಎಂಟು ದಿನದಿಂದ ಮಲ ಆಗಿಲ್ಲ. ಮಗು ನಗುತ್ತಾ ಆಡುತ್ತಿದೆ. ಎನಿಮಾ ಕೊಡಿಸಲೇ?
– ಕಲಬುರಗಿಯ ತಂದೆ

ಬೇಡ. ಎದೆ ಹಾಲಿನಲ್ಲಿ ಉಳಿಯುವ ಕಸ ಕಡಿಮೆ. ಹೊಟ್ಟೆ ಮೆತ್ತಗಿದ್ದು, ಮೂತ್ರ ಚೆನ್ನಾಗಿ ಹೋಗುತ್ತಾ, ತೂಕ ಏರುತ್ತಿದ್ದರೆ ವಾರಕ್ಕೊಮ್ಮೆ ಮಲ ಆದರೂ ಸರಿಯೇ, ಬಂದಾಗ ಮೆತ್ತಗೆ ಬಂದರೆ ಆಯಿತು. ಒಂದನ್ನು ಮಾತ್ರ ನೆನಪಿಸಿಕೊಳ್ಳಿ: ಹುಟ್ಟಿದ ಮೇಲೆ ಮೊದಲ ಕಪ್ಪು ಮಲ 48 ಗಂಟೆಯೊಳಗೆ ಆಗಿತ್ತೇ? ಆಗಿರದಿದ್ದರೆ, ಅಥವಾ ಈಗ ಹೊಟ್ಟೆ ಉಬ್ಬಿದ್ದರೆ, ಮಕ್ಕಳ ಡಾಕ್ಟರಿಗೆ ತೋರಿಸಿ. ಕರುಳಿನ ಕೊನೆಯಲ್ಲಿ ನರದ ಕೋಶಗಳೇ ಇಲ್ಲದ ಹಿರ್ಷ್‌ಸ್ಪ್ರಂಗ್ ಎಂಬ ರೋಗ ಹೀಗೆ ಶುರುವಾಗುತ್ತದೆ.

ಏಳು ತಿಂಗಳ ಮಗಳಿಗೆ ಭೇದಿ ಶುರುವಾಗಿ ಹತ್ತು ದಿನ. ಈಗ ವಾಂತಿ ಜ್ವರ ಇಲ್ಲ, ಆದರೆ ಡಬ್ಬಿ ಹಾಲು ಕುಡಿದ ಕೂಡಲೇ ಹುಳಿ ವಾಸನೆಯ ನೊರೆ ನೊರೆ ಭೇದಿ. ಕೂರುವ ಜಾಗ ಕೆಂಪಾಗಿದೆ. ಮೆಡಿಕಲ್ ಶಾಪಿನವರು ಲ್ಯಾಕ್ಟೋಸ್ ಇಲ್ಲದ ಪುಡಿ ಕೊಟ್ಟು ವರ್ಷದ ತನಕ ಇದನ್ನೇ ಕೊಡಿ ಅಂದರು.
– ಮಂಡ್ಯದ ಓದುಗರು

ಇಲ್ಲಿ ಮೆಡಿಕಲ್ ಶಾಪಿನವರ ಊಹೆ ಅರ್ಧ ಸರಿ. ಕರುಳಿನ ಒಳಗೋಡೆ ರತ್ನಗಂಬಳಿಯ ಹಾಗೆ, ತುಂಬ ಸಣ್ಣ ಎಳೆಗಳು ಎದ್ದು ನಿಂತಿರುತ್ತವೆ. ಹಾಲಿನ ಸಕ್ಕರೆ ಜೀರ್ಣಿಸುವ ಲ್ಯಾಕ್ಟೇಸ್ ಇರುವುದು ಆ ಎಳೆಗಳ ತುದಿಯಲ್ಲಿ. ಜೋರು ಭೇದಿ ಬಂದಾಗ ತುದಿಯೇ ಸವೆದುಹೋಗುತ್ತದೆ. ಜೀರ್ಣವಾಗದ ಸಕ್ಕರೆ ಕೆಳಗೆ ಹೋಗಿ ಹುಳಿಯುತ್ತದೆ. ಅದೇ ನೊರೆ, ಅದೇ ಹುಳಿ ವಾಸನೆ, ಅದೇ ಉರಿ. ಆದರೆ ಎಳೆಗಳು ಮತ್ತೆ ಬೆಳೆಯುತ್ತವೆ. ಹೆಚ್ಚಿನ ಮಕ್ಕಳಿಗೆ ಎರಡು ಮೂರು ವಾರ ಸಾಕು. ನಿಮ್ಮ ಡಾಕ್ಟರು ನೋಡಿ ಒಪ್ಪಿದರೆ ಅಷ್ಟು ದಿನ ಆ ಪುಡಿ ಕೊಟ್ಟು, ಆಮೇಲೆ ನಿಧಾನವಾಗಿ ಹಳೆಯದಕ್ಕೆ ಬನ್ನಿ. ವರ್ಷದ ತನಕ ಬೇಡ. ಹುಟ್ಟಿನಿಂದಲೇ ಲ್ಯಾಕ್ಟೇಸ್ ಇಲ್ಲದ ಮಕ್ಕಳು ಬಹಳ ಬಹಳ ಅಪರೂಪ.

ಎದೆ ಹಾಲು ಇದ್ದರೆ ನಿಲ್ಲಿಸಬೇಡಿ. ಪ್ರತಿ ಭೇದಿಯ ನಂತರ ಓಆರ್‌ಎಸ್ ಕೊಡಿ, ಚಮಚ ಚಮಚವಾಗಿ. ಪೊಟ್ಟಣದ ಮೇಲೆ ಡಬ್ಲ್ಯುಎಚ್‌ಓ ಸೂತ್ರ ಎಂದು ಬರೆದಿರಬೇಕು. ಸಿಹಿ ಜ್ಯೂಸಿನ ಪೆಟ್ಟಿಗೆಗಳು ಭೇದಿಯನ್ನು ಹೆಚ್ಚಿಸುತ್ತವೆ. ದೊಡ್ಡ ಪೊಟ್ಟಣ ಒಂದು ಲೀಟರಿಗೆ, ಪೂರ್ತಿ ಒಮ್ಮೆಗೇ ಕರಗಿಸಬೇಕು. ಇಲ್ಲೂ ಅಳತೆಯೇ ಮುಖ್ಯ. ಆರು ತಿಂಗಳು ದಾಟಿದ ಮಗುವಿಗೆ ಝಿಂಕ್ ದಿನಕ್ಕೆ 20 ಮಿ.ಗ್ರಾಂ, 14 ದಿನ. ಭೇದಿ ನಿಂತಿತು ಅಂತ ಮೂರನೇ ದಿನಕ್ಕೆ ಬಿಡಬೇಡಿ. ಗಂಜಿ, ಬೇಳೆ, ಬಾಳೆಹಣ್ಣು ನಡೆಯಲಿ. ಭೇದಿ 14 ದಿನ ದಾಟಿದರೆ, ತೂಕ ಇಳಿದರೆ, ಕಣ್ಣು ಗುಳಿ ಬಿದ್ದರೆ, ಆರು ಗಂಟೆ ಮೂತ್ರ ಆಗದಿದ್ದರೆ ಮನೆಯಲ್ಲಿ ಕೂರಬೇಡಿ.

ಐದು ವಾರದ ಮಗ, ಮೊದಲನೆಯವನು. ಹದಿನೈದು ದಿನದಿಂದ ಕುಡಿದದ್ದೆಲ್ಲ ವಾಂತಿ. ಎರಡು ಅಡಿ ದೂರ ಚಿಮ್ಮುತ್ತದೆ. ವಾಂತಿ ಆದ ಕೂಡಲೇ ಮತ್ತೆ ಹಸಿದು ಅಳುತ್ತಾನೆ. ವಾಂತಿಗೆಂದೇ ಮಾಡಿದ ಮಂದ ಹಾಲಿನ ಡಬ್ಬಿಗೆ ಬದಲಿಸಿದರೂ ನಿಲ್ಲಲಿಲ್ಲ. ತೂಕ ಇಳಿಯುತ್ತಿದೆ.
– ಬೆಳಗಾವಿಯ ಓದುಗರು

ಈ ಪತ್ರಕ್ಕೆ ಉತ್ತರ ಪತ್ರಿಕೆಯಲ್ಲಿ ಬರುವ ತನಕ ಕಾಯಲಿಲ್ಲ. ಓದಿದ ದಿನವೇ ಸಂಪಾದಕರಿಂದ ನಂಬರ್ ತೆಗೆದುಕೊಂಡು ಫೋನ್ ಮಾಡಿದೆ. ಆವತ್ತೇ ಸಂಜೆ ಸ್ಕ್ಯಾನ್ ಆಯಿತು. ಹೊಟ್ಟೆಯಿಂದ ಕರುಳಿಗೆ ಹೋಗುವ ಬಾಗಿಲಿನ ಸ್ನಾಯು ದಪ್ಪವಾಗಿ ದಾರಿ ಕಟ್ಟಿತ್ತು. ಪೈಲೋರಿಕ್ ಸ್ಟೆನೋಸಿಸ್ ಅನ್ನುತ್ತಾರೆ. ಗಂಡು ಮಕ್ಕಳಲ್ಲಿ, ಅದರಲ್ಲೂ ಚೊಚ್ಚಲಲ್ಲಿ ಜಾಸ್ತಿ. ಯಾವ ಹಾಲು ಕೊಟ್ಟರೂ ಬಾಗಿಲು ತೆರೆಯುವುದಿಲ್ಲ, ಸಣ್ಣ ಆಪರೇಷನ್ ಬೇಕು. ಮೊದಲು ಡ್ರಿಪ್ ಕೊಟ್ಟು ರಕ್ತದ ಲವಣಗಳನ್ನು ಸರಿಮಾಡಿದರು, ಮೂರನೇ ದಿನ ಆಪರೇಷನ್ ಆಯಿತು, ಮಾರನೇ ದಿನ ಮಗು ಎದೆ ಹಾಲು ಕುಡಿಯಿತು. ಹೆತ್ತವರು ಒಪ್ಪಿದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಹಾಲು ಕಕ್ಕುವ ಎಲ್ಲ ಮಕ್ಕಳಿಗೂ ಹೀಗಿರುವುದಿಲ್ಲ. ತೇಗಿನ ಜೊತೆ ಬಾಯಂಚಿನಿಂದ ಹಾಲು ಸುರಿಯುವುದು ಸಹಜ, ನಾಲ್ಕು ತಿಂಗಳ ಹೊತ್ತಿಗೆ ಜೋರಾಗಿ ವರ್ಷದೊಳಗೆ ನಿಲ್ಲುತ್ತದೆ. ಅದಕ್ಕೆ ಒಮ್ಮೆಗೆ ಕೊಡುವ ಹಾಲು ಕಡಿಮೆ ಮಾಡಿ, ಕುಡಿದ ಮೇಲೆ ಇಪ್ಪತ್ತು ನಿಮಿಷ ಹೆಗಲ ಮೇಲೆ ನೆಟ್ಟಗೆ ಹಿಡಿದರೆ ಸಾಕು. ಮಲಗಿಸುವುದು ಬೆನ್ನ ಮೇಲೆಯೇ. ಆದರೆ ವಾಂತಿಯ ಬಣ್ಣ ಹಸಿರು ಆದರೆ, ಅದು ಒಂದೇ ಸಲ ಆದರೂ, ರಾತ್ರಿ ಎರಡು ಗಂಟೆಯಾದರೂ, ಮಕ್ಕಳ ಸರ್ಜನ್ ಇರುವ ಆಸ್ಪತ್ರೆಗೆ ಹೊರಡಿ. ಕರುಳು ತಿರುಚಿಕೊಂಡಿರಬಹುದು. ಹಸಿರು ವಾಂತಿಗೆ ಬೆಳಗಾಗುವ ತನಕ ಕಾದ ಒಂದು ಮಗುವನ್ನು ನಾನು ಕಳೆದುಕೊಂಡಿದ್ದೇನೆ. ದಯವಿಟ್ಟು ಈ ಸಾಲನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿ.

ಬ್ಯಾಂಕಿನಲ್ಲಿ ಕೆಲಸ. ಮುಂದಿನ ತಿಂಗಳು 26 ವಾರದ ರಜೆ ಮುಗಿಯುತ್ತದೆ. ಇದುವರೆಗೆ ಬರೀ ಎದೆ ಹಾಲು. ಮಗುವನ್ನು ಅತ್ತೆ ನೋಡಿಕೊಳ್ಳುತ್ತಾರೆ. ಈಗಿನಿಂದಲೇ ಡಬ್ಬಿ, ಬಾಟ್ಲಿ ಅಭ್ಯಾಸ ಮಾಡಿಸಲೇ? ಹೊಟ್ಟೆ ಕೆಡದಿರಲಿ ಅಂತ ಗ್ರೈಪ್ ವಾಟರ್ ಕೂಡ ಶುರು ಮಾಡಲೇ?
– ಉಡುಪಿಯ ಓದುಗರು

ಗ್ರೈಪ್ ವಾಟರ್ ಬೇಡ. 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ವಿಲಿಯಂ ವುಡ್‌ವರ್ಡ್ ಎಂಬ ಔಷಧಿ ವ್ಯಾಪಾರಿ ಮಾಡಿದ್ದು ಅದು. ಆಗ ಅದರಲ್ಲಿ ಸಕ್ಕರೆ, ಸೋಡಾದ ಜೊತೆ ಮದ್ಯಸಾರವೂ ಇತ್ತು. ಮಗು ಸುಮ್ಮನಾಗುತ್ತಿದ್ದುದರಲ್ಲಿ ಅದರ ಪಾಲೂ ಇದ್ದೀತು. ಈಗಿನದರಲ್ಲಿ ಮದ್ಯಸಾರ ಇಲ್ಲ, ಆದರೆ ಮಗುವಿಗೆ ಅದರಿಂದ ಲಾಭವೂ ಇಲ್ಲ. ಜೇನುತುಪ್ಪವೂ ವರ್ಷದೊಳಗೆ ಬೇಡ.

ಡಬ್ಬಿಯ ಅವಸರವೂ ನಿಮಗಿಲ್ಲ. ಆಗ ಮಗುವಿಗೆ ಆರು ತಿಂಗಳು. ನೀವಿಲ್ಲದ ಹೊತ್ತಿನಲ್ಲಿ ಎರಡು ಊಟ, ಎರಡು ಸಲ ಹಿಂಡಿಟ್ಟ ಹಾಲು ಸಾಕಾಗುತ್ತದೆ. ಬೆಳಿಗ್ಗೆ, ಸಂಜೆ, ರಾತ್ರಿ ನೀವೇ ಇದ್ದೀರಲ್ಲ. ಬೆಳಗಿನ ಜಾವ ಹಾಲು ಜಾಸ್ತಿ, ಆಗ ಹಿಂಡಿ ಮುಚ್ಚಳದ ಸ್ಟೀಲ್ ಬಟ್ಟಲಿನಲ್ಲಿ ಫ್ರಿಜ್‌ನ ಒಳಭಾಗದಲ್ಲಿಡಿ, ಬಾಗಿಲಿನಲ್ಲಲ್ಲ. ಒಂದು ದಿನ ಕೆಡುವುದಿಲ್ಲ. ಹೊರಗಾದರೆ ನಾಲ್ಕು ಗಂಟೆ, ನಿಮ್ಮ ಕರಾವಳಿಯ ಸೆಕೆಯಲ್ಲಿ ಅದಕ್ಕಿಂತ ಕಡಿಮೆ. ಕೊಡುವಾಗ ಬಟ್ಟಲನ್ನು ಬಿಸಿ ನೀರಿನಲ್ಲಿಟ್ಟು ಬೆಚ್ಚಗೆ ಮಾಡಬೇಕು, ಒಲೆಯ ಮೇಲೆ ಕುದಿಸಬಾರದು.

ಬಾಟ್ಲಿಯ ಬದಲು ನಿಮ್ಮ ಅತ್ತೆಯನ್ನು ಒಂದು ಮಾತು ಕೇಳಿ. ಅಟ್ಟದಲ್ಲಿ ಹಳೆಯ ಒಳಲೆ ಇರಬಹುದು. ಮೂತಿ ಇರುವ ಪುಟ್ಟ ಬಟ್ಟಲು. ಇಲ್ಲದಿದ್ದರೆ ಪಾತ್ರೆ ಅಂಗಡಿಯಲ್ಲಿ ಸ್ಟೀಲಿನದು ಸಿಗುತ್ತದೆ. ನವಜಾತ ಶಿಶುಗಳ ವಾರ್ಡಿನಲ್ಲಿ ನಾವು ಒಂದೂವರೆ ಕೆ.ಜಿ. ಮಕ್ಕಳಿಗೂ ಅದರಲ್ಲೇ ಹಾಲು ಕೊಡುತ್ತಿದ್ದೆವು. ನಿಪ್ಪಲ್ಲಿನ ಸಂದಿಯಲ್ಲಿ ಕೂರುವ ಕೊಳೆ ಅದರಲ್ಲಿ ಕೂರುವುದಿಲ್ಲ, ಎರಡು ಬೆರಳಿನಿಂದ ಉಜ್ಜಿ ತೊಳೆದು ಕುದಿಸಿದರೆ ಆಯಿತು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಒಳಲೆಯ ಮೂತಿಯನ್ನು ತುಟಿಯ ಮೂಲೆಗೆ ತಾಗಿಸಿ, ಸ್ವಲ್ಪ ಸ್ವಲ್ಪ ಬಗ್ಗಿಸಬೇಕು. ಬಾಯಿಗೆ ಸುರಿಯಬಾರದು. ರಜೆ ಮುಗಿಯುವ ವಾರ ಮುಂಚೆ ಅತ್ತೆಯ ಕೈಯಲ್ಲೇ ಅಭ್ಯಾಸ ಮಾಡಿಸಿ, ಆಗ ನೀವು ಪಕ್ಕದ ಕೋಣೆಯಲ್ಲಿರಿ. ಮೊದಲ ಎರಡು ದಿನ ಅರ್ಧ ಹಾಲು ಅಂಗಿಯ ಮೇಲೆ ಹೋಗುತ್ತದೆ. ಮೂರನೇ ದಿನಕ್ಕೆ ಒಳಲೆ ಕಂಡರೆ ಮಗುವೇ ನಾಲಿಗೆ ಚಾಚುತ್ತದೆ.